ಸ್ವಂತ ಗಾಡಿ, ಬೇರೆಯವರ ಲೋಡು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಚಿಕ್ಕಪ್ಪನ ಮಗ ಮನೆಗೆ ಬಂದ. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ನಾನಿನ್ನೂ ಹಾಸಿಗೆ ಬಿಟ್ಟಿರಲಿಲ್ಲ (ವಾರವಿಡೀ ರಾತ್ರಿ ಹನ್ನೊಂದರ ತನಕ ಕಾಲ್‌ನಲ್ಲಿ ಕೂತವನಿಗೆ ಅಷ್ಟೂ ಬೇಡವೇ ಹೇಳಿ :)). ಅಮ್ಮ ಕೊಟ್ಟ ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ.

"ಅಣ್ಣ, ಒಂದು ಸೈನ್ ಬೇಕಿತ್ತು."

ಪಿಕಪ್ ಗಾಡಿ ತಗೋತಾನಂತೆ. ಮುಂಗಡ ಅವನೇ ಹೊಂದಿಸಿಕೊಂಡಿದ್ದಾನೆ, ಉಳಿದದ್ದಕ್ಕೆ ಸಾಲ. ಸಾಲಕ್ಕೆ ಜಾಮೀನು ನಾನು. ಮೂರು ವರ್ಷ ಒಂದು ಕೊರಿಯರ್ ಕಂಪನಿಯ ಗಾಡಿ ಓಡಿಸಿ ಸಾಕಾಗಿದೆ, ಇನ್ನು ಸ್ವಂತ ಅಂತ ಹಟ. ಯೂಟ್ಯೂಬಿನಲ್ಲಿ ಅಮೆರಿಕದವರ ವಿಡಿಯೋ ಬೇರೆ ನೋಡಿದ್ದಾನೆ. ಅಲ್ಲಿ 'ಹಾಟ್‌ಶಾಟ್' ಅಂತ ಒಂದು ಕಸುಬಿದೆಯಂತೆ. ದೊಡ್ಡ ಲಾರಿ ಅಲ್ಲ, ಒಂದು ಪಿಕಪ್, ಅದರ ಹಿಂದೆ ಉದ್ದನೆಯ ಟ್ರೇಲರ್. ಅರ್ಜೆಂಟ್ ಲೋಡು ಹಾಕಿಕೊಂಡು ಒಬ್ಬನೇ ದೇಶ ಸುತ್ತೋದು. ಓನರೂ ಅವನೇ, ಡ್ರೈವರೂ ಅವನೇ.

"ನಿಮ್ಮಪ್ಪನೂ ಅದನ್ನೇ ಮಾಡಿದ್ದಲ್ವೇನೋ, ಟ್ರೇಲರ್ ಒಂದಿರಲಿಲ್ಲ ಅಷ್ಟೆ," ಅಂದೆ. ಅವನು ನಗಲಿಲ್ಲ. ಯಾಕೆ ನಗಲಿಲ್ಲ ಅನ್ನೋದನ್ನ ಮುಂದೆ ಹೇಳ್ತೀನಿ.

ಒಂದು ವಾರ ಟೈಮ್ ಕೊಡು ಅಂತ ಹೇಳಿ ಕಳಿಸಿದೆ. ನಾನು ಸಾಫ್ಟ್‌ವೇರಿನವನು. ಯಾರೋ ಬರೆದಿಟ್ಟ ಕೋಡನ್ನ ಅದರ ಹಳೇ ವರ್ಷನ್‌ಗಳನ್ನು ನೋಡದೆ ಮುಟ್ಟೋ ಧೈರ್ಯ ನನಗಿಲ್ಲ. ಹಾಗೇ ಈ 'ಓನರ್ ಕಮ್ ಡ್ರೈವರ್' ಅನ್ನೋ ಪ್ರಾಣಿ ನಮ್ಮಲ್ಲಿ ಹೇಗೆ ಹುಟ್ಟಿತು, ಯಾರು ಉಳಿದರು, ಯಾರು ಮುಳುಗಿದರು ಅಂತ ಹುಡುಕಲು ಕೂತೆ. ಒಂದಿಷ್ಟು ಕಾನೂನಿನ ಪುಸ್ತಕ, ಒಂದಿಷ್ಟು ಇಂಟರ್‌ನೆಟ್ಟು, ಬಹಳಷ್ಟು ನಮ್ಮ ಚಿಕ್ಕಪ್ಪ. ಅದರ ಫಲ ಈ ಬರಹ.

ನಮ್ಮದು ಆರ್‌ಪಿಸಿ ಲೇಔಟ್. ಕಾಗದಪತ್ರದಲ್ಲಿ ಹಂಪಿನಗರ, ಆಟೋದವರ ಬಾಯಲ್ಲಿ ಇವತ್ತಿಗೂ ಆರ್‌ಪಿಸಿ. ಒಂದು ಕಡೆ ಮಾಗಡಿ ರಸ್ತೆ, ಇನ್ನೊಂದು ಕಡೆ ಮೈಸೂರು ರಸ್ತೆ. ಮಾಗಡಿ ರಸ್ತೆ ದಾಟಿದರೆ ಕಾಮಾಕ್ಷಿಪಾಳ್ಯದ ಲೇತು-ಪ್ರೆಸ್ಸುಗಳ ಶೆಡ್ಡುಗಳು, ಆಚೆಗೆ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟು, ಇನ್ನೂ ಮುಂದೆ ಹೋದರೆ ಯಶವಂತಪುರದ ಎಪಿಎಂಸಿ, ದೇವರಾಜ ಅರಸು ಟ್ರಕ್ ಟರ್ಮಿನಲ್, ಪೀಣ್ಯ. ಬೆಂಗಳೂರಿನ ಪಶ್ಚಿಮ ಭಾಗ ಅಂದರೆ ಮಾಲು ತಯಾರಾಗುವ, ಮಾಲು ಇಳಿಯುವ, ಮಾಲು ಸಾಗುವ ಬೆಂಗಳೂರು. ಐಟಿ-ಬಿಟಿ ಎಲ್ಲ ಆಮೇಲೆ, ಅದೂ ಆ ಕಡೆ. ನಮ್ಮ ರಸ್ತೆಗಳಲ್ಲಿ ರಾತ್ರಿ ಕಾರುಗಳಿಗಿಂತ ಹಳದಿ ನಂಬರ್ ಪ್ಲೇಟಿನ ಗಾಡಿಗಳೇ ಜಾಸ್ತಿ ನಿಂತಿರುತ್ತಿದ್ದ ಕಾಲವನ್ನು ನಾನೇ ನೋಡಿದ್ದೇನೆ.

ಚಿಕ್ಕಪ್ಪನ ಹತ್ತಿರ ಮೊದಲು ಕೇಳಿದ್ದು ಒಂದು ಚಿಕ್ಕ ವಿಷಯ. ಹಳೇ ಲಾರಿಗಳ ತಲೆಯ ಮೇಲೆ 'ಪಬ್ಲಿಕ್ ಕ್ಯಾರಿಯರ್' ಅಂತ ಬರೆದಿರ್ತಿತ್ತಲ್ಲ, ಹಳೇ ಸಿನಿಮಾಗಳಲ್ಲಿ ನೋಡಿರ್ತೀರಿ. ಈಗ ಯಾಕೆ 'ಗೂಡ್ಸ್ ಕ್ಯಾರಿಯರ್' ಅಂತ ಬರೀತಾರೆ? "ಪೇಂಟರ್ ಹಂಗೆ ಬರೀತಿದ್ದ ಕಣೋ, ನನಗೇನು ಗೊತ್ತು" ಅಂದರು. ಉತ್ತರ ಕಾನೂನಿನಲ್ಲಿತ್ತು. 1939ರ ಮೋಟಾರು ವಾಹನ ಕಾಯ್ದೆ ಸರಕು ಗಾಡಿಗಳನ್ನು ಎರಡು ಜಾತಿ ಮಾಡಿತ್ತು. ತನ್ನದೇ ವ್ಯಾಪಾರದ ಮಾಲು ಸಾಗಿಸುವವನು ಪ್ರೈವೇಟ್ ಕ್ಯಾರಿಯರ್, ಬಾಡಿಗೆಗೆ ಬೇರೆಯವರ ಮಾಲು ಸಾಗಿಸುವವನು ಪಬ್ಲಿಕ್ ಕ್ಯಾರಿಯರ್. ಎರಡಕ್ಕೂ ಬೇರೆ ಬೇರೆ ಪರ್ಮಿಟ್. 1988ರ ಹೊಸ ಕಾಯ್ದೆ ಆ ಭೇದವನ್ನೇ ಕಿತ್ತುಹಾಕಿ ಎಲ್ಲಕ್ಕೂ ಒಂದೇ ಹೆಸರಿಟ್ಟಿತು. ಲಾರಿಯ ಹಣೆಬರಹ ಬದಲಾದದ್ದು ಹೀಗೆ (ನಿಜವಾದ ಅರ್ಥದಲ್ಲೂ!).

ಈ 1939ರ ಕಾನೂನು ಯಾಕೆ ಬಂತು ಅನ್ನೋದೇ ಒಂದು ಸ್ವಾರಸ್ಯ. ಮೊದಲ ಮಹಾಯುದ್ಧದ ನಂತರ ಬಸ್ಸು-ಲಾರಿಗಳು ಹೆಚ್ಚಿ ರೈಲ್ವೆಯ ಆದಾಯ ಕಚ್ಚತೊಡಗಿದವು. ರೈಲ್ವೆಯಲ್ಲಿ ಬ್ರಿಟಿಷರ ಹಣ ಇತ್ತು. 1933ರಲ್ಲಿ ಮಿಚೆಲ್-ಕರ್ಕ್‌ನೆಸ್ ವರದಿ, 1937ರಲ್ಲಿ ವೆಡ್ಜ್‌ವುಡ್ ಸಮಿತಿ, ಅದರ ಹಿಂದೆಯೇ ಈ ಕಾಯ್ದೆ. ರಸ್ತೆಯ ಪೈಪೋಟಿಗೆ ಲಗಾಮು ಹಾಕೋದು ಅದರ ಉದ್ದೇಶಗಳಲ್ಲಿ ಒಂದು. ಪರ್ಮಿಟ್‌ಗೆ ಅರ್ಜಿ ಹಾಕಿದರೆ ಸಾಲದು, ಇವನಿಗೆ ಪರ್ಮಿಟ್ ಕೊಡಬೇಡಿ ಅಂತ ಮೊದಲೇ ಗಾಡಿ ಓಡಿಸುತ್ತಿದ್ದವರು ತಕರಾರು ಹಾಕಬಹುದಿತ್ತು. ಅಂದರೆ ಹೊಸ ಕ್ಷೌರಿಕನೊಬ್ಬ ಅಂಗಡಿ ತೆರೆಯಲು ಹಳೇ ಕ್ಷೌರಿಕರ ಒಪ್ಪಿಗೆ ಕೇಳಿದ ಹಾಗೆ.

ಸ್ವಾತಂತ್ರ್ಯದ ನಂತರವೂ ಇದೇ ಕಾನೂನು ಮುಂದುವರಿಯಿತು. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆ ಇಲಾಖೆ ಶುರು ಮಾಡಿತು, ಇವತ್ತಿನ ಕೆಎಸ್‌ಆರ್‌ಟಿಸಿಯ ಬೇರು ಅದು. ಜನರನ್ನು ಸಾಗಿಸುವ ಕೆಲಸ ನಿಧಾನವಾಗಿ ಸರ್ಕಾರದ ಕೈಗೆ ಹೋಯಿತು. ಮಾಲು ಸಾಗಿಸುವ ಕೆಲಸ ಮಾತ್ರ ಖಾಸಗಿಯವರ ಹತ್ತಿರವೇ ಉಳಿಯಿತು. ಆದರೆ ಪರ್ಮಿಟ್ ಅನ್ನೋ ಬಾಗಿಲು ಹಾಗೇ ಇತ್ತು. ಪಕ್ಕದ ರಾಜ್ಯಕ್ಕೆ ಹೋಗಬೇಕಾದರೆ ಆ ರಾಜ್ಯದವರ ಮೇಲುಸಹಿ ಬೇಕು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಅಂತ ಬಂದಾಗಲೂ ರಾಜ್ಯಕ್ಕೆ ಇಷ್ಟೇ ಅಂತ ಲೆಕ್ಕ. ಲೆಕ್ಕ ಹಾಕಿ ಕೊಡುವ ಯಾವುದಕ್ಕೇ ಆಗಲಿ ಒಂದು ಬೆಲೆ ಹುಟ್ಟಿಕೊಳ್ಳುತ್ತದಲ್ಲ. ಇನ್ನೊಬ್ಬನ ಪರ್ಮಿಟ್‌ನಲ್ಲಿ ತನ್ನ ಗಾಡಿ ಓಡಿಸಿ ತಿಂಗಳು ತಿಂಗಳು ಅವನಿಗೆ ಕಪ್ಪ ಕೊಡುತ್ತಿದ್ದವರನ್ನು ಕಂಡಿದ್ದೇನೆ ಅಂತಾರೆ ಚಿಕ್ಕಪ್ಪ.

ಈ ನಡುವೆ ಚಿಕ್ಕವರ ಗಾಡಿ ಅಂತ ಬಂದದ್ದು ಟೆಂಪೋ. ಜರ್ಮನಿಯ ಹ್ಯಾಂಬರ್ಗ್‌ನ ವಿಡಾಲ್ ಆಂಡ್ ಝೋನ್ ಕಂಪನಿ ಮಾಡುತ್ತಿದ್ದ ಮೂರು ಚಕ್ರದ ಹನ್ಸಿಯಟ್ ಗಾಡಿ ಅದು. ಫಿರೋದಿಯಾ ಅವರ ಬಜಾಜ್ ಟೆಂಪೋ ಕಂಪನಿ 1958ರಲ್ಲಿ ಶುರುವಾಗಿ ಅದನ್ನು ಇಲ್ಲೇ ತಯಾರಿಸಿತು. ಜರ್ಮನಿಯಲ್ಲಿ ನಿಂತುಹೋದ ಮೇಲೂ ಅದು ನಮ್ಮಲ್ಲಿ ದಶಕಗಟ್ಟಲೆ ಓಡಿತು. 1969ರಲ್ಲಿ ಮಟಡೋರ್ ಬಂತು. ಇವತ್ತಿಗೂ ನಾವು ಮನೆ ಶಿಫ್ಟ್ ಮಾಡಲು ಯಾವ ಕಂಪನಿಯ ಗಾಡಿ ಬಂದರೂ "ಟೆಂಪೋ ಬಂತು" ಅಂತೀವಿ. ತಮಾಷೆ ಅಂದರೆ ಆ ಕಂಪನಿಯೇ 2005ರಲ್ಲಿ ಹೆಸರಿನಿಂದ ಟೆಂಪೋ ತೆಗೆದು ಫೋರ್ಸ್ ಮೋಟಾರ್ಸ್ ಆಯಿತು. ಹೆಸರು ಕಂಪನಿ ಬಿಟ್ಟರೂ ಕನ್ನಡ ಬಿಡಲಿಲ್ಲ.

ಎಂಬತ್ತರ ದಶಕದಲ್ಲಿ ಜಪಾನಿನವರ ಜತೆ ಸೇರಿ ನಾಲ್ಕು ಕಂಪನಿಗಳು ಮಧ್ಯಮ ಗಾತ್ರದ ಗಾಡಿ ಮಾಡಲು ಹೊರಟವು. ಐಷರ್-ಮಿತ್ಸುಬಿಷಿ, ಸ್ವರಾಜ್-ಮಾಜ್ಡಾ, ಡಿಸಿಎಂ-ಟೊಯೋಟಾ, ಆಲ್ವಿನ್-ನಿಸ್ಸಾನ್. ಅವುಗಳಿಗೆ ಎದುರಾಗಿ 1986ರಲ್ಲಿ ಟಾಟಾದ 407 ಬಂತು. ಕೊನೆಯ ಎರಡು ಜೋಡಿಗಳ ಹೆಸರೇ ಈಗ ಯಾರಿಗೂ ನೆನಪಿಲ್ಲ, ಫೋರ್-ನಾಟ್-ಸೆವೆನ್ ಗೊತ್ತಿಲ್ಲದವರಿಲ್ಲ.

ಗಾಡಿ, ಪರ್ಮಿಟ್ ಆಯಿತು, ದುಡ್ಡು? 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ಆಮೇಲೆ ರೂಪುಗೊಂಡ ಆದ್ಯತಾ ವಲಯದ ಸಾಲದ ಪಟ್ಟಿಯಲ್ಲಿ ರೈತ, ಸಣ್ಣ ಕೈಗಾರಿಕೆಗಳ ಜತೆಗೆ ಸಣ್ಣ ಸಾರಿಗೆದಾರನೂ ಸೇರಿಕೊಂಡ. ಬ್ಯಾಂಕು ಬಾಗಿಲು ತೆಗೆಯದವರಿಗೆ ಹೈರ್ ಪರ್ಚೇಸ್ ಕಂಪನಿಗಳಿದ್ದವು. ಮದರಾಸಿನ ಸುಂದರಂ ಫೈನಾನ್ಸ್ 1954ರದ್ದು, ಸೆಕೆಂಡ್ ಹ್ಯಾಂಡ್ ಲಾರಿಗೂ ಸಾಲ ಕೊಟ್ಟು ಹೆಸರು ಮಾಡಿದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ 1979ರದ್ದು.

ಇಷ್ಟು ಹೊತ್ತಿಗೆ ನೀವೆಲ್ಲ ಒಂದು ಹೆಸರನ್ನು ಕಾಯುತ್ತಿರುತ್ತೀರಿ. ನಮ್ಮ ತಮ್ಮನೂ ಅದನ್ನೇ ಹೇಳಿದ್ದ. "ವಿಜಯ ಸಂಕೇಶ್ವರ ಒಂದೇ ಲಾರೀಲಿ ಶುರು ಮಾಡಿದ್ದು ಗೊತ್ತಾ ಅಣ್ಣ?"

ಗೊತ್ತು. 1976, ಗದಗ. ಮನೆತನದ ಕಸುಬು ಮುದ್ರಣ, ಪುಸ್ತಕ ಪ್ರಕಾಶನ. ಅದನ್ನು ಬಿಟ್ಟು ಒಂದು ಲಾರಿ ತಗೊಂಡು ಇಳಿದವರು. ಮುಂದೆ ವಿಆರ್‌ಎಲ್ ಸಾವಿರಾರು ಗಾಡಿಗಳ ಕಂಪನಿಯಾಯಿತು, 2015ರಲ್ಲಿ ಷೇರುಪೇಟೆಗೆ ಬಂತು, 2022ರಲ್ಲಿ ಅವರ ಬಗ್ಗೆ 'ವಿಜಯಾನಂದ' ಅಂತ ಸಿನಿಮಾ ಕೂಡ ಬಂತು. ಎಲ್ಲರಿಗೂ ಗೊತ್ತಿರೋ ಕಥೆ. ಆದರೆ ಈ ಕಥೆಯನ್ನು ಹೇಳುವವರು ಒಂದು ಕಡೆ ಜಾರಿಬಿಡುತ್ತಾರೆ ಅಂತ ನನ್ನ ಅನಿಸಿಕೆ. ಒಂದು ಲಾರಿ ಎರಡಾಗಿ, ಎರಡು ನಾಲ್ಕಾಗಿ... ಅಂತ ಗುಣಾಕಾರ ಮಾಡಿ ಮುಗಿಸುತ್ತಾರೆ. ಲಾರಿಗಳು ಎರಡಾದವರು ಗದಗಿನಲ್ಲೇ ಎಷ್ಟೋ ಜನ ಇದ್ದಿರಬೇಕು. ವಿಆರ್‌ಎಲ್ ಬೇರೆಯಾದದ್ದು ಪಾರ್ಸೆಲ್‌ನಲ್ಲಿ. ಊರೂರಲ್ಲಿ ಬುಕಿಂಗ್ ಆಫೀಸು ತೆರೆದು, ಸಣ್ಣ ಸಣ್ಣ ವ್ಯಾಪಾರಿಗಳ ಗಂಟುಮೂಟೆಗಳನ್ನು ತಾವೇ ನೇರವಾಗಿ ತಗೊಂಡು, ಒಂದು ಲಾರಿಗೆ ಸೇರಿಸಿ ಕಳಿಸುವ ಕೆಲಸ ಅದು. ಲಾರಿ ಇಟ್ಟುಕೊಂಡು ಲೋಡಿಗಾಗಿ ಕಾಯುವವನು ಬೇರೆ, ಲೋಡು ಬಂದು ತನ್ನ ಕೌಂಟರಿನ ಮುಂದೆ ಕ್ಯೂ ನಿಲ್ಲುವ ಹಾಗೆ ಮಾಡಿಕೊಂಡವನು ಬೇರೆ. ಸಂಕೇಶ್ವರರು ಎರಡನೆಯವರಾದರು. ನಮ್ಮ ಚಿಕ್ಕಪ್ಪ ಕೊನೆಯ ತನಕ ಮೊದಲನೆಯವರಾಗಿಯೇ ಉಳಿದರು.

ಈಗ 1988. ಹೊಸ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ನಾವು ಶಾಲೆಯಲ್ಲಿ ಉದಾರೀಕರಣ ಅಂದರೆ 1991 ಅಂತ ಓದಿದ್ದೇವೆ. ರಸ್ತೆಯ ಮಟ್ಟಿಗೆ ಅದು ಎರಡು ವರ್ಷ ಮೊದಲೇ ಬಂದಿತ್ತು! ಪರ್ಮಿಟ್ ಕೇಳಿದವರಿಗೆ ಸಾಮಾನ್ಯವಾಗಿ ಇಲ್ಲ ಅನ್ನಬಾರದು ಅಂತ 80ನೇ ಸೆಕ್ಷನ್ ಹೇಳಿತು. ಹಳೇ ಪರ್ಮಿಟ್‌ದಾರರು ಸುಪ್ರೀಂ ಕೋರ್ಟಿಗೆ ಹೋದರು, ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ 1991ರಲ್ಲಿ ಸೋತರು. ಅದಕ್ಕಿಂತ ಮುಖ್ಯ 66ನೇ ಸೆಕ್ಷನ್ನಿನ ಒಂದು ಸಾಲು. ಗಾಡಿ ಮತ್ತು ಮಾಲು ಸೇರಿ ಒಟ್ಟು ತೂಕ 3000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟೇ ಬೇಡ. ಆಗ ಆ ಸಾಲನ್ನು ಯಾರೂ ಅಷ್ಟಾಗಿ ಗಮನಿಸಿದ ಹಾಗೆ ಕಾಣುವುದಿಲ್ಲ, ಯಾಕೆಂದರೆ ಆ ಅಳತೆಗೆ ಹೊಂದುವ ಒಳ್ಳೇ ನಾಲ್ಕು ಚಕ್ರದ ಗಾಡಿ ಮಾರುಕಟ್ಟೆಯಲ್ಲಿ ಇರಲಿಲ್ಲ.

ತಮ್ಮ ಹೇಳಿದ ಹಾಟ್‌ಶಾಟ್ ಬಗ್ಗೆ ಓದಿದಾಗ ನನಗೆ ಆಶ್ಚರ್ಯವಾದದ್ದು ಇಲ್ಲೇ. ಅಮೆರಿಕದಲ್ಲೂ 1935ರಲ್ಲಿ ಒಂದು ಕಾಯ್ದೆ ಬಂದು ಲಾರಿ ಕಸುಬಿಗೆ ಬೀಗ ಹಾಕಿತ್ತು. ಹೊಸಬ ಬರಬೇಕಾದರೆ ತನ್ನ ಸೇವೆ ಸಾರ್ವಜನಿಕರಿಗೆ ಬೇಕು ಅಂತ ಸಾಬೀತು ಮಾಡಬೇಕಿತ್ತು. 1980ರ ಜುಲೈ 1ರಂದು ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಆ ಬೀಗ ತೆಗೆಯಿತು. ಹಾಟ್‌ಶಾಟ್ ಅನ್ನೋ ಮಾತು ಟೆಕ್ಸಸ್‌ನ ಎಣ್ಣೆ ಬಾವಿಗಳ ಕಡೆಯದು ಅಂತಾರೆ. ಬಾವಿಯಲ್ಲಿ ಒಂದು ಬಿಡಿಭಾಗ ಮುರಿದರೆ ಗಂಟೆಗಂಟೆಗೂ ನಷ್ಟ, ದೊಡ್ಡ ಲಾರಿ ತುಂಬುವ ತನಕ ಯಾರು ಕಾಯುತ್ತಾರೆ? ಪಿಕಪ್‌ನಲ್ಲಿ ಹಾಕಿಕೊಂಡು ಓಡಿಸುವುದು. ಅಲ್ಲೂ ಕಸುಬಿನ ಆಕಾರವನ್ನು ನಿರ್ಧರಿಸಿದ್ದು ತೂಕದ ಒಂದು ಅಂಕಿಯೇ. ಗಾಡಿ-ಟ್ರೇಲರ್ ಜೋಡಿಯ ನಿಗದಿತ ತೂಕ 26,001 ಪೌಂಡು (ಹತ್ತಿರ ಹತ್ತಿರ 11,800 ಕಿಲೋ) ಮುಟ್ಟಿದರೆ ದೊಡ್ಡ ಲಾರಿಯ ಲೈಸೆನ್ಸ್ ಬೇಕಾಗುತ್ತದೆ. ಹಾಗಾಗಿ ಹೊಸಬರು ಅದಕ್ಕೆ ಒಂದು ಪೌಂಡು ಕಡಿಮೆ ಇರುವ ಹಾಗೆ ಗಾಡಿ ಕಟ್ಟುತ್ತಾರೆ. ಲೋಡು ಹುಡುಕುವುದಕ್ಕೂ ಅವರಲ್ಲೊಂದು ವ್ಯವಸ್ಥೆ ಬೆಳೆಯಿತು. 1978ರಲ್ಲಿ ಪೋರ್ಟ್‌ಲ್ಯಾಂಡಿನ ಒಂದು ಟ್ರಕ್ ಸ್ಟಾಪಿನಲ್ಲಿ 'ಡಯಲ್-ಎ-ಟ್ರಕ್' ಅಂತ ಶುರುವಾಯಿತು. ಎಲ್ಲಿಂದ ಎಲ್ಲಿಗೆ ಯಾವ ಲೋಡಿದೆ ಅನ್ನೋದು ಗೋಡೆಯ ಮೇಲಿನ ಪರದೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ನಮ್ಮ 3000 ಕಿಲೋದ ಸಾಲಿಗೆ ತಕ್ಕ ಗಾಡಿ ಬಂದದ್ದು 2005ರ ಮೇ ತಿಂಗಳಲ್ಲಿ. ಟಾಟಾ ಏಸ್. ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಇಂಜಿನ್ನು, 16 ಅಶ್ವಶಕ್ತಿ, ಮುಕ್ಕಾಲು ಟನ್ ಮಾಲು, ಬೆಲೆ ಎರಡೂಕಾಲು ಲಕ್ಷದ ಆಸುಪಾಸು. ಗಿರೀಶ್ ವಾಘ್ ಅನ್ನೋ ಇಂಜಿನಿಯರ್ ನೇತೃತ್ವದ ತಂಡ ಮಾಡಿದ್ದು. ಆ ತಂಡದವರು ಗಾಡಿ ಚಾಲಕರನ್ನು ಮಾತಾಡಿಸುತ್ತಾ ಹೋದಾಗ ಒಬ್ಬ ಹುಡುಗ, ನಾಲ್ಕು ಚಕ್ರದ ಗಾಡಿ ಇದ್ದರೆ ಊರಲ್ಲಿ ಹೆಣ್ಣು ಸಿಗೋದು ಸಲೀಸು ಅಂದಿದ್ದನಂತೆ. ನಗು ಬಂದರೂ ಮಾತು ಸುಳ್ಳಲ್ಲ. ಮೂರು ಚಕ್ರದವನನ್ನು 'ಲಗೇಜ್ ಆಟೋದವನು' ಅಂತಾರೆ, ನಾಲ್ಕು ಚಕ್ರವಾದರೆ 'ಗಾಡಿ ಇಟ್ಟಿದ್ದಾನೆ' ಅಂತಾರೆ. ಕನ್ನಡದಲ್ಲೇ ವ್ಯತ್ಯಾಸ ಇದೆ.

ಅದೇ ವರ್ಷ ನವೆಂಬರ್‌ನಲ್ಲಿ ಓವರ್‌ಲೋಡಿಂಗ್ ವಿರುದ್ಧ ಸುಪ್ರೀಂ ಕೋರ್ಟ್ ಬಿಗಿ ಆದೇಶ ಕೊಟ್ಟಿತು. ಬೆಂಗಳೂರಿನೊಳಗೆ ಹಗಲು ಹೊತ್ತು ದೊಡ್ಡ ಲಾರಿಗಳಿಗೆ ನಿರ್ಬಂಧ ಬೇರೆ. ದೊಡ್ಡದು ಊರ ಹೊರಗೆ ನಿಲ್ಲಬೇಕು, ಅಲ್ಲಿಂದ ಒಳಗೆ ಚಿಕ್ಕದು ಓಡಬೇಕು. ನಮ್ಮ ಮೈಸೂರು ರಸ್ತೆಯಲ್ಲಿ ಇನ್ನೊಂದು ಹೊಸ ಗಾಳಿ ಬೀಸಿತ್ತು. ಬಿಡದಿಯಲ್ಲಿ 1999ರ ಕೊನೆಗೆ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಕಾರು ಮಾಡಲು ಶುರು ಮಾಡಿತ್ತು. ಗೋದಾಮಿನಲ್ಲಿ ಮಾಲು ಪೇರಿಸಿಡದೆ, ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳುವುದು ಆ ಕಂಪನಿ ಜಗತ್ತಿಗೆ ಕಲಿಸಿದ ಪಾಠ. ಆ ಪಾಠ ಕಲಿತ ಕಾರ್ಖಾನೆಗಳಿಗೆ ವಾರಕ್ಕೊಂದು ಲಾರಿ ಲೋಡಿಗಿಂತ ದಿನಕ್ಕೆ ನಾಲ್ಕು ಸಣ್ಣ ಲೋಡು ವಾಸಿ. ಲೈನ್ ನಿಲ್ಲುತ್ತೆ, ಇನ್ನರ್ಧ ಗಂಟೆಯಲ್ಲಿ ಎರಡು ಪೆಟ್ಟಿಗೆ ಬೋಲ್ಟು ಬೇಕು ಅಂತ ಫೋನ್ ಬಂದರೆ? ಟೆಕ್ಸಸ್‌ನ ಎಣ್ಣೆ ಬಾವಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಚಿಕ್ಕಪ್ಪ ಏಸ್ ತಗೊಂಡದ್ದು 2006ರಲ್ಲಿ. ಅದಕ್ಕೂ ಮುಂಚೆ ಹತ್ತು ವರ್ಷ ಕಾಮಾಕ್ಷಿಪಾಳ್ಯದ ಒಬ್ಬರ ಮಟಡೋರ್‌ಗೆ ಮೊದಲು ಕ್ಲೀನರ್, ಆಮೇಲೆ ಡ್ರೈವರ್. ನನಗಾಗ ಒಂಬತ್ತು ವರ್ಷ. ಗಾಳಿ ಆಂಜನೇಯನ ಗುಡಿಯ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ನನ್ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಅತ್ತಿಗುಪ್ಪೆ ತನಕ ಬಂದದ್ದು ಚೆನ್ನಾಗಿ ನೆನಪಿದೆ. ತಿಂಗಳಿಗೆ ಐದು ಸಾವಿರದ ಚಿಲ್ಲರೆ ಕಂತು. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕ ಬರೆಯುತ್ತಿದ್ದರು. ಆ ನೋಟ್‌ಬುಕ್ ಈಗ ನನ್ನ ಮುಂದಿದೆ. ಎಡಗಡೆ ಬಾಡಿಗೆ, ಬಲಗಡೆ ಡೀಸೆಲ್ಲು, ಹಮಾಲಿ, ಟೀ, 'ಮಾಮೂಲು' (ಇದನ್ನ ಬಿಡಿಸಿ ಹೇಳಬೇಕಿಲ್ಲ ಬಿಡಿ).

ಲೆಕ್ಕ ನೋಡ್ತಾ ಹೋದ ಹಾಗೆ ಒಂದು ವಿಷಯ ಗಮನಕ್ಕೆ ಬಂತು. ಒಳ್ಳೇ ದಿನಗಳ ಪುಟದಲ್ಲೂ 'ಖಾಲಿ' ಅನ್ನೋ ಪದ ಇದೆ. ಬಿಡದಿ, ವಾಪಸ್ ಖಾಲಿ. ನೆಲಮಂಗಲ, ವಾಪಸ್ ಖಾಲಿ. ಹೊಸೂರು, ವಾಪಸ್ ಖಾಲಿ. ರಿಟರ್ನ್ ಲೋಡು ಸಿಕ್ಕ ದಿನ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಬರೆದಿದ್ದಾರೆ. ನಕ್ಷತ್ರಗಳು ಬಹಳ ಕಡಿಮೆ. ಗಾಡಿ ಅವರದು, ಡೀಸೆಲ್ ಅವರದು, ದುಡಿಮೆ ಅವರದು. ಲೋಡು ಯಾರದು? ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ಮೇಜು, ಒಂದು ಫೋನು ಇಟ್ಟುಕೊಂಡ ಬುಕಿಂಗ್ ಏಜೆಂಟನದು. ಕಾರ್ಖಾನೆಯವರು ಅವನಿಗೆ ಎಷ್ಟು ಕೊಟ್ಟರು ಅನ್ನೋದು ಚಿಕ್ಕಪ್ಪನಿಗೆ ಯಾವತ್ತೂ ತಿಳಿಯಲಿಲ್ಲ. ಪಾರ್ಟಿಯ ಫೋನ್ ನಂಬರ್ ನೇರವಾಗಿ ತಗೊಂಡದ್ದು ಗೊತ್ತಾದರೆ ಮಾರನೇ ದಿನದಿಂದ ಲೋಡು ಬಂದ್.

2008ರ ಕೊನೆಗೆ ಅಮೆರಿಕದಲ್ಲಿ ಬ್ಯಾಂಕು ಮುಳುಗಿದ್ದಕ್ಕೆ ಕಾಮಾಕ್ಷಿಪಾಳ್ಯದ ಲೇತುಗಳು ನಿಂತವು. ಆ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಏಸ್‌ಗಳ ಸಾಲೇ ಇತ್ತು. ಚಿಕ್ಕಪ್ಪನಿಗೆ ಸಿಕ್ಕ ಸಾಲ ಎಲ್ಲರಿಗೂ ಸಿಕ್ಕಿತ್ತಲ್ಲ. ಇದ್ದ ಬಾಡಿಗೆಗಳನ್ನು ಅಷ್ಟೂ ಜನ ಹಂಚಿಕೊಳ್ಳಬೇಕಾಯಿತು, ಹಂಚಿಕೊಳ್ಳುವುದು ಅಂದರೆ ಒಬ್ಬನಿಗಿಂತ ಒಬ್ಬ ಕಡಿಮೆಗೆ ಒಪ್ಪಿಕೊಳ್ಳುವುದು. ಮೂರು ಕಂತು ತಪ್ಪಿತು. 2009ರಲ್ಲಿ ಒಂದು ಬೆಳಿಗ್ಗೆ ಐದೂವರೆಗೆ ಫೈನಾನ್ಸಿನ ಕಡೆಯ ನಾಲ್ಕು ಜನ ಬಂದು ನಮ್ಮ ಬೀದಿಯಿಂದಲೇ ಗಾಡಿ ತಗೊಂಡು ಹೋದರು. ಹಾಲು ತರಲು ಹೋದ ನಮ್ಮಮ್ಮ ಮೊದಲು ನೋಡಿದ್ದು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು, ಚಿಕ್ಕಪ್ಪ ಬನಿಯನ್ನಿನಲ್ಲೇ ಗಾಡಿಯ ಹಿಂದೆ ತಿರುವಿನ ತನಕ ಓಡಿದರು. ಆಗ ಐದು ವರ್ಷದ ಇವನು, ಈಗ ಫೈಲು ಹಿಡಿದು ಬಂದವನು, ಮೆಟ್ಟಿಲ ಮೇಲೆ ನಿಂತು ನೋಡ್ತಿದ್ದ.

ಚಿಕ್ಕಮ್ಮನ ಸರ, ನಮ್ಮಮ್ಮನ ಎರಡು ಬಳೆ ಅಡ ಇಟ್ಟು ಅಪ್ಪ ಗಾಡಿ ಬಿಡಿಸಿಕೊಂಡು ಬಂದರು. ಆಮೇಲೂ ಚಿಕ್ಕಪ್ಪ ಅದನ್ನ ಏಳು ವರ್ಷ ಓಡಿಸಿದರು, ಸಾಲ ತೀರಿಸಿದರು, ಬಳೆ ಬಿಡಿಸಿ ಕೊಟ್ಟರು. ನನ್ನ ಇಂಜಿನಿಯರಿಂಗ್‌ನ ಒಂದು ವರ್ಷದ ಫೀಸು ಕಟ್ಟಿದ್ದೂ ಅದೇ ಗಾಡಿಯ ದುಡ್ಡಿನಲ್ಲಿ. ಆದರೆ ಅವತ್ತಿನ ನಂತರ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಲಿಲ್ಲ, ಎರಡು ಬೀದಿ ಆಚೆ ನಿಲ್ಲಿಸಿ ನಡೆದು ಬರುತ್ತಿದ್ದರು. ಕಂತು ಕಟ್ಟಿ ಮುಗಿದ ಮೇಲೂ ಹಾಗೇ.

ಈಚಿನದನ್ನು ಬೇಗ ಹೇಳಿಬಿಡ್ತೀನಿ. ಕಾನೂನಿನ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡಿವೆ. ಸಾರಿಗೆ ಗಾಡಿ ಓಡಿಸಲು ಲೈಸೆನ್ಸಿನ ಮೇಲೆ ಪ್ರತ್ಯೇಕ ಒಪ್ಪಿಗೆ ಬೇಕು, ಅದಿಲ್ಲದೆ ಅಪಘಾತವಾದರೆ ವಿಮೆ ದುಡ್ಡು ಕೊಡಲ್ಲ ಅಂತ ವಿಮಾ ಕಂಪನಿಗಳು ವರ್ಷಗಟ್ಟಲೆ ವಾದಿಸಿದವು. 7500 ಕಿಲೋ ತನಕದ ಗಾಡಿಗೆ ಸಾಮಾನ್ಯ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, 2024ರ ನವೆಂಬರ್ 6ರಂದು ಐದು ನ್ಯಾಯಾಧೀಶರ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಎಂಟನೇ ಕ್ಲಾಸು ಪಾಸಾಗಿರಬೇಕು ಅನ್ನೋ ನಿಯಮವನ್ನು 2019ರಲ್ಲಿ ತೆಗೆದರು. ಜಿಎಸ್‌ಟಿ ಬಂದ ಮೇಲೆ ತೆರಿಗೆಯ ಚೆಕ್‌ಪೋಸ್ಟುಗಳು ಹೋದವು. ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಿಂದಲೇ ಇ-ವೇ ಬಿಲ್ ಶುರು ಮಾಡಿದ್ದು ನಮ್ಮ ಕರ್ನಾಟಕ. ಗಾಡಿಗಳಿಗಂತೂ ಬರವಿಲ್ಲ. 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್, 2015ರಲ್ಲಿ ಮಹೀಂದ್ರಾ ಜೀತೋ, ಬೊಲೆರೊ ಪಿಕಪ್ ಅಂತೂ ಎಲ್ಲೆಲ್ಲೂ.

ಮತ್ತೆ ಆ ಮೇಜು-ಫೋನಿನ ಏಜೆಂಟ್? ಅವನ ಜಾಗಕ್ಕೆ ಆ್ಯಪ್ ಬಂದಿದೆ. 2014ರಲ್ಲಿ ಶುರುವಾದ ಪೋರ್ಟರ್ ಮೊದಲಾದವು ಈ ವ್ಯವಹಾರವನ್ನು ಮೊಬೈಲಿಗೆ ತಂದವು. ಸ್ಟ್ಯಾಂಡಿನಲ್ಲಿ ಇಡೀ ದಿನ ಕಾಯುವ ಕಷ್ಟ ಎಷ್ಟೋ ಕಡಿಮೆಯಾಗಿದೆ, ಅದನ್ನು ಒಪ್ಪಬೇಕು. ನಾನೂ ಇಂಥದ್ದೇ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು, ಹಾಗಾಗಿ ಗೊತ್ತು, ಹತ್ತಿರದ ಖಾಲಿ ಗಾಡಿಗೆ ಹತ್ತಿರದ ಲೋಡು ಹೊಂದಿಸುವುದು ಚೆಂದದ ಲೆಕ್ಕ. ಆದರೆ ಪೋರ್ಟ್‌ಲ್ಯಾಂಡಿನ ಆ ಗೋಡೆಯ ಪರದೆ ಎಲ್ಲರಿಗೂ ಕಾಣುತ್ತಿತ್ತು ಅಂದೆನಲ್ಲ. ಇಲ್ಲಿ ಒಬ್ಬೊಬ್ಬನಿಗೆ ಅವನವನ ಪರದೆ. ಆ ಹೊತ್ತಿಗೆ ಎಷ್ಟು ಲೋಡಿದೆ, ಬೇರೆಯವರು ಎಷ್ಟಕ್ಕೆ ಹೋಗ್ತಿದ್ದಾರೆ ಅಂತ ಡ್ರೈವರ್‌ಗೆ ಕಾಣುವುದಿಲ್ಲ. ಏಜೆಂಟನ ಕೈ ಹಿಡಿದು ಜಗಳ ಆಡಬಹುದಿತ್ತು ಅಂತಾರೆ ಚಿಕ್ಕಪ್ಪ, ಇದಕ್ಕೆ ಕೈಯೇ ಇಲ್ಲ.

ವಾರ ಕಳೆಯಿತು. ಮುಂದಿನ ಭಾನುವಾರ ತಮ್ಮ ಮತ್ತೆ ಬಂದ. ನಾನು ಸಂಪಾದಿಸಿದ ಪಾಂಡಿತ್ಯವನ್ನೆಲ್ಲ ಅವನ ಮುಂದೆ ಸುರಿದೆ. ಪಾಪ, ಸುಮ್ಮನೆ ಕೇಳಿದ. ಕೊನೆಗೆ ಒಂದೇ ಪ್ರಶ್ನೆ ಕೇಳಿದೆ.

"ಗಾಡಿ ಸಿಗುತ್ತೆ ಕಣೋ, ಸಾಲನೂ ಸಿಗುತ್ತೆ. ಬಾಡಿಗೆ ಯಾರು ಕೊಡ್ತಾರೆ?"

ಫೈಲು ತೆಗೆದ. ಆರ್‌ಸಿ, ಇನ್ಶೂರೆನ್ಸ್‌ನ ಕೊಟೇಶನ್‌ಗಳ ಕೆಳಗೆ ಎರಡು ಕಾಗದ ಇದ್ದವು. ಒಂದು ಪೀಣ್ಯದ ಒಂದು ಪುಟ್ಟ ಪ್ರೆಸ್ ಶಾಪಿನದು, ವಾರಕ್ಕೆ ಮೂರು ಟ್ರಿಪ್ಪು, ರೇಟು ಬರೆದು ಸಹಿ ಹಾಕಿದ್ದಾರೆ. ಇನ್ನೊಂದು ಮಾಗಡಿ ಕಡೆಯ ನಮ್ಮೂರಿನ ಪಕ್ಕದ ನಾಲ್ಕು ಜನ ತರಕಾರಿ ಬೆಳೆಗಾರರು ಸೇರಿ ಬರೆದುಕೊಟ್ಟದ್ದು, ರಾತ್ರಿ ಮಾಲು ತಂದು ಬೆಳಗಿನ ಜಾವ ಮಾರ್ಕೆಟ್ಟಿಗೆ ಇಳಿಸಬೇಕು. "ಕೊರಿಯರ್ ಗಾಡೀಲಿ ಓಡಾಡ್ತಿದ್ದಾಗ ಮೂರು ವರ್ಷ ಇದನ್ನೇ ಮಾಡಿದ್ದು ಅಣ್ಣ. ಎಲ್ಲೆಲ್ಲಿ ಯಾರ ಮಾಲು ಕಾಯ್ತಾ ಕೂತಿರುತ್ತೆ ಅಂತ ಬರೆದಿಟ್ಕೊಂಡೆ." ಅವನ ಹತ್ತಿರವೂ ಒಂದು ನೋಟ್‌ಬುಕ್ ಇತ್ತು!

ಇವೆರಡರಿಂದ ತಿಂಗಳ ಕಂತು ಹುಟ್ಟುತ್ತಾ ಅಂತ ಇಬ್ಬರೂ ಕೂತು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆವು. ವಾಪಸ್ ಬರೋದೆಲ್ಲ ಖಾಲಿ ಅಂತಲೇ ಹಿಡಿದು, ತಿಂಗಳಲ್ಲಿ ಐದು ದಿನ ಗಾಡಿ ಗ್ಯಾರೇಜಿನಲ್ಲಿ ನಿಲ್ಲುತ್ತೆ ಅಂತ ಹಿಡಿದು. ಕಂತು, ಡೀಸೆಲ್ ಹೋಗಿ ಸ್ವಲ್ಪ ಉಳಿಯುತ್ತೆ. ಸ್ವಲ್ಪವೇ. ಮೂರು ಸಾವಿರ ಕಿಲೋದೊಳಗಿನ ಗಾಡಿ ತಗೋ ಅಂದೆ, ಅದನ್ನ ಮೊದಲೇ ನೋಡಿಟ್ಟಿದ್ದ.

ಸಹಿ ಹಾಕಿದೆ. ಮೂರು ಕಡೆ ಹಾಕಬೇಕಿತ್ತು, ಎರಡನೆಯದರಲ್ಲಿ ಸ್ವಲ್ಪ ಕೈ ನಡುಗಿತು ಅಂತ ಒಪ್ಪಿಕೊಳ್ತೀನಿ.

ಮೊನ್ನೆ ಶುಕ್ರವಾರ ಗಾಡಿ ಬಂತು. ಗಾಳಿ ಆಂಜನೇಯನ ಗುಡಿ ಮುಂದೆಯೇ ಪೂಜೆ, ಈಗ ಅಲ್ಲಿ ತಲೆಯ ಮೇಲೆ ಮೆಟ್ರೋ ಬೇರೆ. ಚಿಕ್ಕಪ್ಪ ಮಂಡಿ ನೋವಿನಲ್ಲೂ ಬಂದಿದ್ದರು, ಬೂದುಗುಂಬಳಕಾಯಿ ಒಡೆದದ್ದು ಅವರೇ. ನಿಂಬೆಹಣ್ಣು ಹತ್ತಿಸಿ ಆದ ಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ಡಾಲಾ ಎಳೆದು ನೋಡಿ, ಮಗನನ್ನ ಕೇಳಿದರು:

"ಮೊದಲನೇ ಬಾಡಿಗೆ ಎಲ್ಲಿಗೋ?"

"ಪೀಣ್ಯದಿಂದ ಬಿಡದಿ ಅಪ್ಪ. ನಾಳೆ ಬೆಳಿಗ್ಗೆ ಏಳಕ್ಕೆ."

"ವಾಪಸ್?"

"ಖಾಲಿ."

ಚಿಕ್ಕಪ್ಪ ಏನೂ ಅನ್ನಲಿಲ್ಲ. ರಾತ್ರಿ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಅನ್ನೋ ಮಾತು ಬಂದಾಗ ಮಾತ್ರ, ಮನೆ ಮುಂದೆಯೇ ನಿಲ್ಲಿಸು ಅಂದರು.